ಮಣ್ಣಿನ ಪರೀಕ್ಷೆಯಲ್ಲಿ ತಪ್ಪು ನುಸುಳುವ ಎಡೆಗಳು

ಒಂದು ಹೆಕ್ಟೇರು ಭೂಮಿಯ ಮೇಲಿನ 15 ಸೆಂಟಿಮೀಟರ್ ಪದರವು ಸುಮಾರು 20 ಲಕ್ಷ ಕಿಲೋಗ್ರಾಂ ತೂಗುತ್ತದೆ. 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿ ಯೋಜನೆಯು ನೀರಾವರಿಯಲ್ಲಿ ಎರಡೂವರೆ ಹೆಕ್ಟೇರಿಗೊಂದು, ಮಳೆಯಾಶ್ರಿತ ಭೂಮಿಯಲ್ಲಿ 10 ಹೆಕ್ಟೇರಿಗೊಂದು ಮಾದರಿಯೆಂದು ಗೊತ್ತುಪಡಿಸಿತು. ರಂಜಕವನ್ನು ಅಳೆಯಲು ಪ್ರಯೋಗಶಾಲೆಯಲ್ಲಿ ಸಾಮಾನ್ಯವಾಗಿ ತೂಗುವುದು ಎರಡೂವರೆ ಗ್ರಾಂ ಮಾತ್ರ. ಎಂದರೆ, ಒಂದು ಚಿಟಿಕೆ ಮಣ್ಣು ಎರಡು ಕೋಟಿ ಕಿಲೋಗ್ರಾಂ ಮಣ್ಣಿನ ಪರವಾಗಿ ಸಾಕ್ಷಿ ನುಡಿಯಬೇಕು. ಆ ಸಾಕ್ಷಿಯನ್ನು ಎಷ್ಟರಮಟ್ಟಿಗೆ ನಂಬಬಹುದೆಂಬುದೇ ಇಲ್ಲಿ ನಮ್ಮ ವಿಚಾರ.

ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳಲ್ಲಿ ಇದು ಬರಿಯ ಶಾಸ್ತ್ರಚರ್ಚೆಯಲ್ಲ. 2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರಕ್ಕಾಗಿ ಪ್ರತಿಭಟಿಸಿದ ರೈತರ ಮೇಲೆ ಗೋಲೀಬಾರು ನಡೆಯಿತು. ಮರುವರ್ಷ, 2009ರಲ್ಲಿ, ಭೂಚೇತನ ಯೋಜನೆಯು ಮೊದಲು ಕಾಲಿಟ್ಟ ಜಿಲ್ಲೆಗಳಲ್ಲಿ ಹಾವೇರಿಯೂ ಒಂದು. ಮಣ್ಣಿನ ಪೃಥಕ್ಕರಣವನ್ನು ಆಧರಿಸಿ ಸತು, ಬೋರಾನ್, ಗಂಧಕಗಳನ್ನು ಕೊಡಬೇಕೆಂಬುದು ಅದರ ಮುಖ್ಯ ಸಲಹೆಯಾಗಿದ್ದಿತು. ಚೀಟಿಯ ಮೇಲಿನ ಅಂಕೆ ತಪ್ಪಾದರೆ ರೈತನು ಬೇಡದ್ದನ್ನು ಕೊಳ್ಳುತ್ತಾನೆ, ಬೇಕಾದುದನ್ನು ಬಿಡುತ್ತಾನೆ.

ತಪ್ಪಿನ ಮೊದಲ ಎಡೆ ಹೊಲವೇ. ಈ ಭಾಗದಲ್ಲಿ ಎರೆ ಮತ್ತು ಮಸಾರಿಗಳು ಒಂದೇ ಊರಿನ ಸೀಮೆಯಲ್ಲಿ, ಕೆಲವೆಡೆ ಒಂದೇ ಹೊಲದಲ್ಲಿ, ಕೂಡಿಕೊಂಡಿರುತ್ತವೆ. ಎರಡನ್ನೂ ಒಂದು ಚೀಲಕ್ಕೆ ಹಾಕಿದರೆ ಸಿಗುವ ಸರಾಸರಿಗೆ ಹೊಂದುವ ಮಣ್ಣು ಆ ಊರಿನಲ್ಲಿ ಎಲ್ಲಿಯೂ ಇರುವುದಿಲ್ಲ. ನೀರು, ಗೊಬ್ಬರ ಕಂಡ ಸವಣೂರಿನ ಎಲೆಬಳ್ಳಿಯ ತೋಟವನ್ನು ಪಕ್ಕದ ಬೆದ್ದಲು ಹೊಲದೊಡನೆ ಸೇರಿಸುವುದೂ ಅಂಥದೇ. ಬದು, ಮರದ ನೆರಳು, ತಿಪ್ಪೆ ಹಾಕಿದ್ದ ಜಾಗ ಇವನ್ನು ಬಿಟ್ಟು, ಹಲವೆಡೆ 'ವಿ' ಆಕಾರದ ಕುಣಿ ತೋಡಿ, ಅದರ ಪಕ್ಕದಿಂದ ಒಂದೇ ದಪ್ಪದ ಹೋಳನ್ನು ಕೆತ್ತಿ ಬೆರೆಸಿ, ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡನ್ನು ಉಳಿಸಿಕೊಳ್ಳುತ್ತ ಅರ್ಧ ಕಿಲೋಗ್ರಾಮಿಗೆ ಇಳಿಸಬೇಕೆಂಬ ನಿಯಮ ಎಲ್ಲ ವಿದ್ಯಾರ್ಥಿಗಳಿಗೂ ಗೊತ್ತು. ಬಿಸಿಲಿನಲ್ಲಿ ಪಾಲಿಸುವವರು ಎಷ್ಟು ಮಂದಿಯೋ!

ಸತುವಿನ ವಿಷಯದಲ್ಲಂತೂ ಪಾತ್ರೆಯೇ ವೈರಿ. ಬೆಳೆಗೆ ದೊರೆಯುವ ಸತು 0.6 ಪಿಪಿಎಂಗಿಂತ ಕಡಿಮೆಯಿದ್ದರೆ ಕೊರತೆಯೆಂದು ಎಣಿಸುವುದು ರೂಢಿ. ನಿಜವಾಗಿ 0.3 ಇರುವ ಅರ್ಧ ಕಿಲೋಗ್ರಾಂ ಮಾದರಿಯು 0.6ಕ್ಕೆ ಏರಲು ಹೊರಗಿನಿಂದ ಕರಗಬಲ್ಲ ಸತು 0.15 ಮಿಲಿಗ್ರಾಂ ಸೇರಿದರೆ ಸಾಕು. ಸತುವಿನ ಲೇಪವಿರುವ ಬಕೆಟ್ಟು, ಗೊಬ್ಬರದ ಹಳೆಯ ಚೀಲ, ರಬ್ಬರು ಬಿರಡೆ ಇವುಗಳಿಂದ ಅಷ್ಟು ಬರುವುದು ಕಷ್ಟವಲ್ಲ. ಬೋರಾನಿಗೆ ಇದೇ ಬಗೆಯ ಶತ್ರು ಪ್ರಯೋಗಶಾಲೆಯ ಬೋರೋಸಿಲಿಕೇಟ್ ಗಾಜು.

ಓಲ್ಸೆನ್ ಮತ್ತು ಸಂಗಡಿಗರು 1954ರಲ್ಲಿ ಪ್ರಕಟಿಸಿದ ರಂಜಕದ ವಿಧಾನವು ಕೋಣೆಯ ಉಷ್ಣಮಾನಕ್ಕೂ ಮಣಿಯುತ್ತದೆ. 20ರಿಂದ 30 ಡಿಗ್ರಿ ಸೆಲ್ಸಿಯಸಿನ ಅಂತರದಲ್ಲಿ ಪ್ರತಿ ಡಿಗ್ರಿಗೆ ಸುಮಾರು 0.43 ಪಿಪಿಎಂ ಹೆಚ್ಚು ರಂಜಕ ಹೊರಬರುತ್ತದೆ. 25ರಲ್ಲಿ 4 ತೋರಿದ ಮಣ್ಣು 30ರಲ್ಲಿ 6 ತೋರುತ್ತದೆ. 5ನ್ನು ಗೆರೆಯಾಗಿಟ್ಟರೆ ಅದೇ ಹೊಲ ಡಿಸೆಂಬರಿನಲ್ಲಿ ಬಡವ, ಏಪ್ರಿಲಿನಲ್ಲಿ ಸ್ಥಿತಿವಂತ! ಬಣ್ಣ ತೆಗೆಯಲು ಬಳಸುವ ಇದ್ದಿಲಿನಲ್ಲಿಯೇ ರಂಜಕವಿದ್ದರಂತೂ ಎಲ್ಲ ಹೊಲಗಳೂ ಒಟ್ಟಿಗೆ ಮೇಲೇರುತ್ತವೆ. ಮಣ್ಣಿಲ್ಲದೆ ಬರಿಯ ದ್ರಾವಣಗಳನ್ನೇ ಎಲ್ಲ ಹಂತಗಳಲ್ಲಿ ಸಾಗಿಸುವ 'ಖಾಲಿ' ಪರೀಕ್ಷೆಯು ಇದನ್ನು ಕೂಡಲೆ ಬಯಲಿಗೆಳೆಯುತ್ತದೆ.

ಒಂದೇ ಮಾದರಿಯನ್ನು ಎರಡು ಸಲ ಪರೀಕ್ಷಿಸಿ, ಅಂಕೆಗಳು ಕೂಡಿಬಂದವೆಂದು ಸಮಾಧಾನಪಡುವುದು ಸಾಮಾನ್ಯ. ಆ ಸಮಾಧಾನಕ್ಕೆ ಆಧಾರ ಸಾಲದೆಂಬುದು ನಮ್ಮ ಅಭಿಪ್ರಾಯ. ತಿಪ್ಪೆಯ ಜಾಗದಿಂದ ತಂದ ಮಣ್ಣೂ ಎರಡು ಸಲ ಒಂದೇ ಉತ್ತರವನ್ನು ಕೊಡುತ್ತದೆ. ಹೊಲದ ತಪ್ಪನ್ನು ಅಳೆಯಬೇಕಾದರೆ ಇನ್ನೊಬ್ಬನು ಅದೇ ಹೊಲಕ್ಕೆ ಹೋಗಿ, ಮೊದಲಿನವನ ಕುಣಿಗಳನ್ನು ನೋಡದೆ, ಬೇರೆ ಮಾದರಿಯನ್ನು ತರಬೇಕು. ಪರೀಕ್ಷಿಸುವವನಿಗೆ ಅದು ಜೋಡಿಯೆಂದು ತಿಳಿಯಬಾರದು.

ಪ್ರಯೋಗಶಾಲೆಯ ಮಟ್ಟಿಗೆ ಬೇಕಾದ ಉಪಕರಣ ದುಬಾರಿಯದಲ್ಲ. ಸವಣೂರಿನ ಎರೆಯನ್ನೂ ಹಿರೇಕೆರೂರಿನ ಮಸಾರಿಯನ್ನೂ ಒಂದೊಂದು ಚೀಲ ತಂದು, ನೆರಳಿನಲ್ಲಿ ಒಣಗಿಸಿ, 2 ಮಿಲಿಮೀಟರ್ ಜರಡಿ ಹಿಡಿದು, ಚೆನ್ನಾಗಿ ಬೆರೆಸಿಟ್ಟರೆ ಹಲವು ವರ್ಷದ ಒರೆಗಲ್ಲಾದೀತು. ಪ್ರತಿ ತಂಡದ ಜೊತೆಗೂ ಇವೆರಡನ್ನು ಪರೀಕ್ಷಿಸಿ, ಶೂಹಾರ್ಟ್ 1924ರಲ್ಲಿ ಕಾರ್ಖಾನೆಯ ಸರಕಿಗೆಂದು ರೂಪಿಸಿದ ನಕ್ಷೆಯ ಮೇಲೆ ದಿನದ ಬಿಂದುವನ್ನು ಗುರುತಿಸಬೇಕು. ಬಿಂದುವು ಮೇರೆಯನ್ನು ದಾಟಿದ ದಿನ ಇಡೀ ತಂಡವನ್ನು ಮತ್ತೆ ಮಾಡಬೇಕು, ಚೀಟಿಗಳು ಎಷ್ಟೇ ತಡವಾಗಲಿ.