ಆಂಗ್ಲ ಸಾಹಿತ್ಯಾಭ್ಯಾಸದ ಪ್ರಥಮ ಸೋಪಾನ

ವಯಸ್ಕರಾದ ಮೇಲೆ ವಿಶ್ವವಿದ್ಯಾನಿಲಯವನ್ನು ಸೇರಬಯಸುವವರಿಗೆ ಸಾಹಿತ್ಯವನ್ನು ಎಲ್ಲಿಂದ ಬೋಧಿಸತೊಡಗಬೇಕೆಂಬುದು ಇಂಗ್ಲೆಂಡಿನಲ್ಲಿ ಬಹುಕಾಲದ ಪ್ರಶ್ನೆ. ದುಡಿಮೆಗಾರರಿಗಾಗಿ ಲಂಡನ್ನಿನಲ್ಲಿ ೧೮೫೪ರಲ್ಲಿ ಸ್ಥಾಪಿತವಾದ ವಿದ್ಯಾಲಯದಲ್ಲಿ ಫರ್ನಿವಾಲರು ಆಂಗ್ಲ ವ್ಯಾಕರಣವನ್ನೂ ಕಾವ್ಯವನ್ನೂ ಬೋಧಿಸಿದರು. ಆಕ್ಸ್‌ಫರ್ಡಿನಲ್ಲಾದರೋ ಈ ಸಾಹಿತ್ಯಕ್ಕೆ ಪ್ರತ್ಯೇಕ ಪದವೀವಿಭಾಗವುಂಟಾದುದು ೧೮೯೪ರಲ್ಲಿ.

ಇಂತಹ ವಿದ್ಯಾರ್ಥಿಗೆ ಮೊದಲು ಕವಿಚರಿತ್ರೆಯನ್ನು ಕೊಡುವ ರೂಢಿಯುಂಟು. ಚಾಸರನಿಂದ ಟೆನಿಸನ್ನನವರೆಗೆ ಹೆಸರುಗಳನ್ನೂ ಕಾಲಗಳನ್ನೂ ಕಂಠಪಾಠ ಮಾಡಿದವನು ಕಾವ್ಯವನ್ನು ಬಲ್ಲೆನೆಂದು ಭ್ರಮಿಸುವನು. ಹೆಸರಿನ ಆಸರೆ ತಪ್ಪಿದರೆ ಏನಾಗುವುದೆಂಬುದನ್ನು ಕೇಂಬ್ರಿಜ್ಜಿನ ಐ. ಎ. ರಿಚರ್ಡ್ಸರು ಪರೀಕ್ಷಿಸಿದರು. ಕವಿನಾಮವನ್ನು ಮರೆಸಿ ಪದ್ಯಗಳನ್ನು ವಿದ್ಯಾರ್ಥಿಗಳಿಗಿತ್ತು, ಅವರು ಬರೆದ ಅಭಿಪ್ರಾಯಗಳನ್ನು ೧೯೨೯ರಲ್ಲಿ 'ಪ್ರ್ಯಾಕ್ಟಿಕಲ್ ಕ್ರಿಟಿಸಿಸಂ' ಎಂಬ ಗ್ರಂಥದಲ್ಲಿ ವಿಮರ್ಶಿಸಿದರು. ಸುಶಿಕ್ಷಿತರಲ್ಲಿಯೂ ಅನೇಕರು ವಾಚ್ಯಾರ್ಥವನ್ನೇ ಗ್ರಹಿಸದೆ ಗುಣದೋಷಗಳನ್ನು ನಿರ್ಣಯಿಸಿದ್ದುದು ಅದರಿಂದ ವ್ಯಕ್ತವಾಯಿತು.

ಸಂಸ್ಕೃತ ವ್ಯಾಖ್ಯಾನಕ್ರಮವನ್ನು ಬಲ್ಲವರಿಗೆ ಇದರ ಪರಿಹಾರವು ಹೊಸತಲ್ಲ. ಪದಚ್ಛೇದ, ಪದಾರ್ಥೋಕ್ತಿ, ವಿಗ್ರಹ, ವಾಕ್ಯಯೋಜನೆ, ಆಕ್ಷೇಪಸಮಾಧಾನ ಇವುಗಳಾದ ಮೇಲಲ್ಲವೆ ರಸವಿಚಾರ? ಆಂಗ್ಲ ಭಾಷೆಯಲ್ಲಿ ವಿಭಕ್ತಿಪ್ರತ್ಯಯಗಳು ಬಹುಮಟ್ಟಿಗೆ ಲೋಪವಾಗಿರುವುದರಿಂದ ಕರ್ತೃಕರ್ಮಗಳನ್ನು ಪದಸ್ಥಾನವೇ ಸೂಚಿಸುವುದು. ಛಂದಸ್ಸಿಗಾಗಿ ಕವಿಯು ಆ ಸ್ಥಾನವನ್ನು ಪಲ್ಲಟಗೊಳಿಸಿದಲ್ಲಿ ಪ್ರತ್ಯಯದ ಸಹಾಯವೂ ಇರದು. ಆದುದರಿಂದ ಅಲ್ಲಿ ಅನ್ವಯವು ಸಂಸ್ಕೃತದಲ್ಲಿರುವುದಕ್ಕಿಂತಲೂ ಆವಶ್ಯಕ.

ವಯಸ್ಕನಿಗೆ ಲೋಕಾನುಭವವುಂಟು, ಕಾಲಾವಕಾಶವು ಅಲ್ಪ. ಹದಿನಾಲ್ಕು ಪಂಕ್ತಿಗಳ ಒಂದು ಸಾನೆಟ್ಟನ್ನು ಅನ್ವಯಪೂರ್ವಕವಾಗಿ ಅರಿತರೆ, ಆ ಅನುಭವವೇ ಭಾವಗ್ರಹಣಕ್ಕೆ ನೆರವಾಗುವುದು. ಆ ಬಳಿಕ ಓದಿದ ಚರಿತ್ರೆಯು, ಅರಿತ ಕಾವ್ಯಕ್ಕೆ ಕಾಲದೇಶಗಳನ್ನು ತೋರಿಸಿ ಸಾರ್ಥಕವಾಗುವುದು. ಚರಿತ್ರೆಯನ್ನು ಬಿಡಬೇಕೆಂಬುದು ಇದರ ತಾತ್ಪರ್ಯವಲ್ಲ, ಕ್ರಮವು ವ್ಯತ್ಯಸ್ತವಾಗಬಾರದೆಂಬುದಷ್ಟೆ.