ಮೋಟಾರು ಸೈಕಲ್ಲಿನ ಎಂಜಿನ್ನಿನ ಬಡಿತ

ಚೆನ್ನಾಗಿ ನಡೆಯುತ್ತಿದ್ದ ಮೋಟಾರು ಸೈಕಲ್ಲಿನಲ್ಲಿ ಒಂದು ದಿನ ಹಿಂದೆ ಇಲ್ಲದಿದ್ದ ಬಡಿತವೊಂದು ಕೇಳಿಬರುತ್ತದೆ. ಆಗ ಸವಾರರಲ್ಲಿ ಎರಡು ಬಗೆಯವರನ್ನು ಕಾಣುತ್ತೇವೆ. ಕೆಲವರು ಒಡನೆಯೇ ಎಂಜಿನ್ನನ್ನು ಬಿಚ್ಚಿಸುವರು. ಮತ್ತೆ ಕೆಲವರು ಕೇಳಿಯೂ ಕೇಳದವರಂತೆ ಓಡಿಸುವರು. ಮೊದಲನೆಯವರಿಗೆ ಹಣ ನಷ್ಟ. ಎರಡನೆಯವರಿಗೆ ಎಂಜಿನ್ನೇ ನಷ್ಟವಾಗಬಹುದು, ಪ್ರಾಣಕ್ಕೂ ಅಪಾಯವುಂಟಾಗಬಹುದು. ಬಡಿತವೆಂಬುದು ರೋಗವಲ್ಲ, ರೋಗದ ಲಕ್ಷಣ. ಅದು ಯಾವಾಗ ತೋರುತ್ತದೆ, ಯಾವಾಗ ಅಡಗುತ್ತದೆ ಎಂಬ ಎರಡು ಸಂಗತಿಗಳನ್ನು ತಾಳ್ಮೆಯಿಂದ ಗಮನಿಸಿದರೆ, ಸ್ಪ್ಯಾನರನ್ನು ಕೈಗೆ ತೆಗೆದುಕೊಳ್ಳುವ ಮೊದಲೇ ಅರ್ಧ ಉತ್ತರ ದೊರೆಯುವುದು.

ನಿದರ್ಶನಕ್ಕಾಗಿ ನಮ್ಮ ಜನಕ್ಕೆ ಪರಿಚಿತವಾದ ಯಂತ್ರವೊಂದನ್ನೇ ತೆಗೆದುಕೊಳ್ಳೋಣ. 1955ರಲ್ಲಿ ಮದರಾಸಿನಲ್ಲಿ ಸ್ಥಾಪಿತವಾದ ಎನ್‌ಫೀಲ್ಡ್ ಇಂಡಿಯಾ ಸಂಸ್ಥೆಯು ತಯಾರಿಸಿದ ಎರಕದ ಕಬ್ಬಿಣದ ಸಿಲಿಂಡರಿನ ಹಳೆಯ ಬುಲೆಟ್ ಇಂದಿಗೂ ಅಲ್ಲಲ್ಲಿ ಓಡುತ್ತಿದೆ. ಅದಕ್ಕೆ ಒಂದೇ ಸಿಲಿಂಡರು. ಅಡ್ಡಳತೆ 70 ಮಿಲಿಮೀಟರು, ಪಿಸ್ಟನ್ನಿನ ಓಟ 90 ಮಿಲಿಮೀಟರು. ಒಟ್ಟು ಗಾತ್ರ 346 ಘನ ಸೆಂಟಿಮೀಟರು. ಸಿಲಿಂಡರು ಒಂದೇ ಆದುದರಿಂದ ಶಬ್ದದ ಮೂಲವನ್ನು ಹುಡುಕುವುದು ಇಲ್ಲಿ ಸುಲಭ.

ಮೊದಲು ಎಂಜಿನ್ನಿನ ಹೊರಗೆ ನೋಡತಕ್ಕದ್ದು. ಎಂಜಿನ್ನನ್ನು ಚೌಕಟ್ಟಿಗೆ ಬಿಗಿದ ಬೋಲ್ಟು ಸಡಿಲವಾಗಿದ್ದರೂ, ಹೊಗೆಕೊಳವೆಯ ಹಿಡಿಕೆ ಕಳಚಿದ್ದರೂ ಒಳಗಿನ ಬಡಿತದಂತೆಯೇ ಕೇಳಿಸುವುದು. ಎಂಜಿನ್ನಿನ ಎಣ್ಣೆಯ ಮಟ್ಟವನ್ನೂ ನೋಡಬೇಕು. ಎಣ್ಣೆಯ ಅಭಾವವೇ ಅನೇಕ ಬಡಿತಗಳ ತಾಯಿ. ನಿಂತಲ್ಲೇ ಎಂಜಿನ್ನನ್ನು ನಡೆಸಿ ಕ್ಲಚ್ಚನ್ನು ಹಿಡಿದಾಗ ಶಬ್ದ ಬದಲಾದರೆ, ದೋಷವು ಕ್ಲಚ್ಚಿನಲ್ಲಿಯೋ ಅದರ ಸರಪಳಿಯಲ್ಲಿಯೋ ಇರುವ ಸಂಭವವೇ ಹೆಚ್ಚು.

ಇನ್ನು ಒಳಗಿನ ಶಬ್ದಗಳು. ತಲೆಯ ಭಾಗದಿಂದ ಬರುವ ತೆಳುವಾದ, ಒಂದೇ ಸಮನಾದ 'ಟಿಕ್ ಟಿಕ್' ಶಬ್ದವು ಸಾಮಾನ್ಯವಾಗಿ ಟ್ಯಾಪೆಟ್ಟಿನದು. ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಕ್ರ್ಯಾಂಕು ಎರಡು ಸುತ್ತು ತಿರುಗಿದಾಗ ಕವಾಟವು ಒಂದು ಸಲ ತೆರೆಯುವುದು. ಕ್ರ್ಯಾಂಕು ನಿಮಿಷಕ್ಕೆ 1000 ಸುತ್ತು ತಿರುಗುತ್ತಿದ್ದರೆ ಒಂದು ಸಡಿಲ ಟ್ಯಾಪೆಟ್ಟು ಬಡಿಯುವುದು 500 ಸಲ ಮಾತ್ರ. ಹೊಗೆಕೊಳವೆಯ ಒಂದೊಂದು ಗುಡುಗಿಗೂ ಒಂದೊಂದು ಟಿಕ್ಕೆಂದು ಕಿವಿಗೆ ತಾಳೆಯಾದರೆ ಅನುಮಾನ ಅತ್ತ ಹೋಗಬೇಕು. ಹಳೆಯ ಬುಲೆಟ್ಟಿನಲ್ಲಿ ಇದರ ಪರೀಕ್ಷೆ ಸರಳ: ತಣ್ಣಗಿರುವ ಎಂಜಿನ್ನಿನಲ್ಲಿ ಪಿಸ್ಟನ್ನನ್ನು ಒತ್ತಡದ ಓಟದ ತುದಿಗೆ ತಂದು ಪುಷ್‌ರಾಡನ್ನು ಬೆರಳಿನಿಂದ ತಿರುಗಿಸಬೇಕು. ಅದು ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಆಡಕೂಡದು. ಶಬ್ದ ಅಡಗಲೆಂದು ಅತಿಯಾಗಿ ಬಿಗಿಮಾಡಿದರೆ ಕವಾಟವು ಪೂರ್ತಿ ಮುಚ್ಚದೆ ಸುಟ್ಟುಹೋದೀತು.

ಬೆಳಿಗ್ಗೆ ಎಂಜಿನ್ನು ತಣ್ಣಗಿರುವಾಗ ಕೇಳಿಸಿ, ಬಿಸಿಯೇರಿದ ಮೇಲೆ ಮಾಯವಾಗುವ ಮಂದವಾದ ಬಡಿತವು ಪಿಸ್ಟನ್ನಿನದು. ಸವೆದ ಸಿಲಿಂಡರಿನಲ್ಲಿ ಪಿಸ್ಟನ್ನು ಪಕ್ಕಕ್ಕೆ ವಾಲಿ ಗೋಡೆಯನ್ನು ತಟ್ಟುತ್ತದೆ. ಕಾದಾಗ ಹಿಗ್ಗಿ ತೆರಪನ್ನು ತುಂಬುತ್ತದೆ. ಇದು ಮುಪ್ಪಿನ ಗುರುತು, ಆದರೆ ತುರ್ತಿನ ಗುರುತಲ್ಲ.

ಏರಿನಲ್ಲಿ, ದೊಡ್ಡ ಗೇರಿನಲ್ಲಿ, ಥ್ರಾಟಲನ್ನು ಪೂರ್ತಿ ತೆರೆದಾಗ ಲೋಹದ ಕಾಳುಗಳನ್ನು ಡಬ್ಬದಲ್ಲಿ ಕುಲುಕಿದಂತೆ ಕೇಳಿಸುವುದು ಬೇರೊಂದು. ಇದು ಭಾಗಗಳ ಸವೆತದಿಂದ ಹುಟ್ಟಿದ್ದಲ್ಲ, ದಹನದಿಂದ ಹುಟ್ಟಿದ್ದು. ಕಿಡಿಯಿಂದ ಹೊರಟ ಜ್ವಾಲೆ ಬಂದು ತಲುಪುವ ಮೊದಲೇ, ಮೂಲೆಯಲ್ಲಿ ಉಳಿದ ಅನಿಲವು ಒತ್ತಡದಿಂದಲೂ ಉಷ್ಣದಿಂದಲೂ ತಾನಾಗಿ ಹೊತ್ತಿಕೊಳ್ಳುವುದು. ಇದನ್ನು ತಡೆಯಲು 1921ರಲ್ಲಿ ಅಮೆರಿಕದ ಥಾಮಸ್ ಮಿಡ್‌ಗ್ಲಿಯು ಪೆಟ್ರೋಲಿಗೆ ಸೀಸದ ಸಂಯುಕ್ತವೊಂದನ್ನು ಬೆರೆಸುವ ಉಪಾಯವನ್ನು ಕಂಡುಹಿಡಿದನು. ಬಡಿತವೇನೋ ಅಡಗಿತು, ಗಾಳಿಯಲ್ಲಿ ಸೀಸದ ವಿಷ ಹರಡಿತು. ನಮ್ಮ ದೇಶದಲ್ಲಿ 2000ದಲ್ಲಿ ಆ ಪೆಟ್ರೋಲಿನ ಮಾರಾಟ ನಿಂತಿತು. ಈ ಬಡಿತ ಕೇಳಿದೊಡನೆ ಥ್ರಾಟಲನ್ನು ಇಳಿಸಿ ಗೇರನ್ನು ತಗ್ಗಿಸಬೇಕು. ಅಷ್ಟಕ್ಕೇ ಅದು ನಿಂತರೆ ರೋಗ ಗೊತ್ತಾದಂತೆಯೇ. ಅನಂತರ ಕಿಡಿಯು ಅಕಾಲದಲ್ಲಿ ಮುಂಚೆಯೇ ಬೀಳುತ್ತಿದೆಯೇ, ಸಿಲಿಂಡರಿನ ತಲೆಯಲ್ಲಿ ಇಂಗಾಲ ಕಟ್ಟಿದೆಯೇ, ಪೆಟ್ರೋಲಿನೊಡನೆ ಬೆರೆಯುವ ಗಾಳಿಯ ಪಾಲು ಮಿತಿಮೀರಿದೆಯೇ ಎಂದು ನೋಡಬೇಕು. ಉಪೇಕ್ಷಿಸಿದರೆ ಪಿಸ್ಟನ್ನಿನ ನೆತ್ತಿಯಲ್ಲಿ ತೂತು ಬಿದ್ದೀತು.

ಕೊನೆಯದು ಎಲ್ಲಕ್ಕಿಂತ ಭಯಂಕರವಾದುದು. ಎಂಜಿನ್ನಿನ ಅಡಿಯಿಂದ, ಬಾಗಿಲನ್ನು ಗುದ್ದಿದಂತೆ ಆಳವಾಗಿ ಬರುವ 'ಧಡ್ ಧಡ್' ಶಬ್ದವದು. ಬಿಸಿಯಾದರೂ ಅದು ಅಡಗದು; ಭಾರ ಬಿದ್ದಷ್ಟೂ ಹೆಚ್ಚುವುದು, ಥ್ರಾಟಲನ್ನು ಮುಚ್ಚಿದರೆ ತಗ್ಗುವುದು. ಕನೆಕ್ಟಿಂಗ್ ರಾಡಿನ ಕೆಳತುದಿಯ ಬೇರಿಂಗು, ಎಂದರೆ ಬಿಗ್ ಎಂಡು, ಸವೆದಿದೆಯೆಂಬುದಕ್ಕೆ ಇದು ಲಕ್ಷಣ. ಇಲ್ಲಿ ಮನೆಯವರೆಗಾದರೂ ಹೋಗೋಣವೆಂಬ ಮಾತು ಸಲ್ಲದು. ರಾಡು ಮುರಿದರೆ ಎಂಜಿನ್ನು ಹಠಾತ್ತನೆ ಹಿಡಿದುಕೊಂಡು, ಓಡುತ್ತಿರುವಾಗಲೇ ಹಿಂದಿನ ಚಕ್ರವು ಬಿಗಿದು ನಿಲ್ಲಬಹುದು. ಎಂಜಿನ್ನನ್ನು ಆರಿಸಿ ಗಾಡಿಯನ್ನು ಬೇರೊಂದು ವಾಹನದಲ್ಲಿ ಸಾಗಿಸುವುದೇ ವಿವೇಕ. ಸಿಲಿಂಡರನ್ನು ತೆಗೆದು ರಾಡನ್ನು ಮೇಲಕ್ಕೂ ಕೆಳಕ್ಕೂ ಎಳೆದು ನೋಡಿದರೆ ನಿರ್ಣಯವಾಗುವುದು. ಪಕ್ಕಕ್ಕೆ ಸ್ವಲ್ಪ ಆಡುವುದು ಸಹಜ, ಮೇಲೆ ಕೆಳಗೆ ಆಡಕೂಡದು.

ಸ್ಥಳ ಸ್ಪಷ್ಟವಾಗದಿದ್ದರೆ ವೈದ್ಯನ ಸ್ಟೆತಾಸ್ಕೋಪಿನ ಕೆಲಸವನ್ನು ಉದ್ದವಾದ ಸ್ಕ್ರೂಡ್ರೈವರೊಂದು ಮಾಡಬಲ್ಲದು. ಅದರ ಮೊನೆಯನ್ನು ಎಂಜಿನ್ನಿನ ಒಂದೊಂದು ಭಾಗಕ್ಕೂ ಊರಿ, ಮರದ ಹಿಡಿಯನ್ನು ಕಿವಿಯ ಮುಂದಿನ ಎಲುಬಿಗೆ ಆನಿಸಿದರೆ, ಬಡಿತವು ಎಲ್ಲಿ ಬಲವಾಗಿದೆಯೆಂದು ತಿಳಿಯುವುದು. ತಿರುಗುವ ಭಾಗಗಳಿಂದಲೂ ಕಾದ ಕೊಳವೆಯಿಂದಲೂ ಕೈ ಬಟ್ಟೆಗಳನ್ನು ದೂರವಿಡಬೇಕೆಂದು ಹೇಳಬೇಕಾದುದಿಲ್ಲ.

ರಿಪೇರಿ ಮಾಡುವವನಲ್ಲಿಗೆ ಹೋಗಿ 'ಏನೋ ಶಬ್ದ ಬರುತ್ತಿದೆ' ಎಂದಷ್ಟೇ ಹೇಳಿದರೆ, ಅವನು ಎಂಜಿನ್ನನ್ನು ಬಿಚ್ಚದೆ ಮತ್ತೇನು ಮಾಡಿಯಾನು? 'ತಣ್ಣಗಿರುವಾಗ ಇದೆ, ಬಿಸಿಯಾದರೆ ಇಲ್ಲ', 'ಏರಿನಲ್ಲಿ ಮಾತ್ರ ಬರುತ್ತದೆ' ಎಂದು ಹೇಳಬಲ್ಲ ಸವಾರನು ಅವನ ಶ್ರಮವನ್ನೂ ತನ್ನ ಹಣವನ್ನೂ ಉಳಿಸುವನು. ಅದಕ್ಕೆ ಯಂತ್ರಶಾಸ್ತ್ರದ ಪಾಂಡಿತ್ಯ ಬೇಡ. ದಿನವೂ ತನ್ನ ಗಾಡಿಯ ಆರೋಗ್ಯದ ಧ್ವನಿಯನ್ನು ಕೇಳಿ ಪಳಗಿದ ಕಿವಿಯಿದ್ದರೆ ಸಾಕು.