ಕ್ರೂಸ್ ಹಡಗು ಹತ್ತೋ ಮುಂಚೆ: ಟವೆಲ್ ಹಾಕಿ ಸೀಟು ಹಿಡಿಯಂಗಿಲ್ಲ, ಡ್ರಿಲ್ ತಪ್ಪಿಸಂಗಿಲ್ಲ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ – ಐದೂ ತಾಲೂಕಿಗೆ ಸಮುದ್ರ ದೂರ. ನಮಗೆ ಗೊತ್ತಿರೋ ನೀರು ಅಂದ್ರೆ ತುಂಗಭದ್ರಾ ಹೊಳೆ, ಡ್ಯಾಂ ಹಿನ್ನೀರು, ಊರ ಕೆರೆ. ಹೂವಿನಹಡಗಲಿಯ ಹೆಸರಲ್ಲೇ ಹಡಗು ಇದೆ. ಇಲ್ಲಿಂದ ಹಂಪಿಗೆ ಹೊಳೆ ಮೇಲೆ ಹೂವು ಹೋಗುತ್ತಿತ್ತು, ಅದಕ್ಕೇ ಈ ಹೆಸರು ಬಂತು ಅಂತ ಹಿರಿಯರು ಹೇಳುತ್ತಾರೆ. ಆದರೆ ಹತ್ತು ಅಂತಸ್ತಿನ ಹಡಗು, ಅದರೊಳಗೆ ಲಿಫ್ಟು, ಈಜುಕೊಳ, ಸಿನಿಮಾ, ನಾಲ್ಕು ಹೊತ್ತು ಊಟ – ಇದು ನಮ್ಮ ಕಡೆಯವರಿಗೆ ಹೊಸದು.

ಈಗ ಅದು ಅಷ್ಟೇನೂ ದೂರದ ಮಾತಲ್ಲ. 2021ರ ಸೆಪ್ಟೆಂಬರ್‌ನಲ್ಲಿ ಮುಂಬೈನಿಂದ ಕಾರ್ಡೇಲಿಯಾ ಕಂಪನಿಯ ‘ಎಂಪ್ರೆಸ್’ ಹಡಗು ಹೊರಟ ಮೇಲೆ ಗೋವಾ, ಕೊಚ್ಚಿ, ಲಕ್ಷದ್ವೀಪದ ಕಡೆ ಎರಡು-ಮೂರು ರಾತ್ರಿಯ ಕುಟುಂಬ ಪ್ರವಾಸ ಮಾಮೂಲಾಯಿತು. ನಮ್ಮ ರಾಜ್ಯದ ನವಮಂಗಳೂರು ಬಂದರಿಗೂ ವಿದೇಶಿ ಕ್ರೂಸ್ ಹಡಗುಗಳು ಬರುತ್ತವೆ. ಅದರಲ್ಲಿ ಬಂದವರು ಇಳಿದು ಮೂಡಬಿದಿರೆಯ ಸಾವಿರ ಕಂಬದ ಬಸದಿ ನೋಡಿಕೊಂಡು ಸಂಜೆಗೆ ವಾಪಸ್ ಹಡಗು ಹತ್ತುತ್ತಾರೆ. ನಮ್ಮವರಿಗೆ ಹತ್ತಿರದ ದಾರಿ ಗೋವಾ. ಹೊಸಪೇಟೆಯಲ್ಲಿ ಅಮರಾವತಿ ಎಕ್ಸ್‌ಪ್ರೆಸ್ ಹತ್ತಿದರೆ ವಾಸ್ಕೋದಲ್ಲೇ ಇಳಿಯಬಹುದು, ಮರ್ಮಗೋವಾ ಬಂದರು ಅಲ್ಲೇ ಪಕ್ಕದಲ್ಲಿದೆ. ರೈಲು ದಿನಾ ಇಲ್ಲ, ಹಡಗಿನ ವೇಳಾಪಟ್ಟಿಯೂ ಸೀಸನ್‌ಗೆ ತಕ್ಕಂತೆ ಬದಲಾಗುತ್ತದೆ. ಎರಡನ್ನೂ ನೋಡಿಕೊಂಡೇ ಬುಕ್ ಮಾಡಿ.

ಅಂಗಡಿ ಬಂದ್ ಮಾಡಿ, ಕೂಡಿಟ್ಟ ದುಡ್ಡು ಹಾಕಿ, ಮನೆಮಂದಿನೆಲ್ಲ ಕರೆದುಕೊಂಡು ಹೋಗೋ ಪ್ರವಾಸ ಇದು. ಅಲ್ಲಿನ ರೀತಿ ರಿವಾಜು ಮೊದಲೇ ತಿಳಿದಿದ್ದರೆ ಮುಜುಗರ ಇಲ್ಲ, ದಂಡ ಇಲ್ಲ, ಗಂಡಾಂತರವೂ ಇಲ್ಲ. ಮುಕ್ಕಾಲು ಪಾಲು ನಿಯಮ ನಮ್ಮ ಜಾತ್ರೆ, ಬಸ್ಸು, ಪಂಕ್ತಿ ಊಟದಲ್ಲಿ ಆಗಲೇ ಕಲಿತದ್ದೇ. ಹೊಸದು ಕೆಲವೇ ಕೆಲವು. ಅದರಲ್ಲಿ ಒಂದನ್ನು ಮಾತ್ರ ಯಾವ ಕಾರಣಕ್ಕೂ ಬಿಡಂಗಿಲ್ಲ.

ಮೊದಲ ನಿಯಮ: ಸೈರನ್ ಆದರೆ ಎಲ್ಲ ಬಿಟ್ಟು ಬನ್ನಿ

ಮೈಲಾರ ಜಾತ್ರೆಗೆ ಹೋದವರಿಗೆ ಗೊತ್ತು. ಲಕ್ಷಾಂತರ ಜನ ಗಿಜಿಗುಡುತ್ತಿರುತ್ತಾರೆ. ಬಿಲ್ಲು ಏರಿದ ಗೊರವಯ್ಯ ‘ಸದ್ದಲೇ’ ಅಂದ ಕೂಡಲೇ ಇಡೀ ಬಯಲು ಮೌನ. ಕೂಸು ಅತ್ತರೂ ತಾಯಿ ಸುಮ್ಮನಾಗಿಸುತ್ತಾಳೆ. ಹಡಗಿನಲ್ಲೂ ಅಂಥದ್ದೊಂದು ಹೊತ್ತು ಬರುತ್ತದೆ. ಅದಕ್ಕೆ ಮಸ್ಟರ್ ಡ್ರಿಲ್ ಅಂತಾರೆ.

ಅಪಾಯ ಬಂದರೆ ಯಾವ ಕುಟುಂಬ ಎಲ್ಲಿ ಸೇರಬೇಕು, ಲೈಫ್ ಜಾಕೆಟ್ ಹೇಗೆ ಕಟ್ಟಿಕೊಳ್ಳಬೇಕು, ಯಾವ ಮೆಟ್ಟಿಲು ಬಳಸಬೇಕು ಅಂತ ಹಡಗು ಹೊರಡುವ ಮುನ್ನವೇ ತೋರಿಸಿಕೊಡುತ್ತಾರೆ. ಏಳು ಸಲ ಗಿಡ್ಡ ಸೈರನ್, ಆಮೇಲೆ ಒಂದು ಉದ್ದ ಸೈರನ್ – ಇದು ಜಗತ್ತಿನ ಹಡಗುಗಳಲ್ಲೆಲ್ಲ ಒಂದೇ ಸೂಚನೆ. ಮಕ್ಕಳಿಗೂ ಬಾಯಿಪಾಠ ಮಾಡಿಸಿ.

ಈ ನಿಯಮ ಸುಮ್ಮನೆ ಬಂದದ್ದಲ್ಲ. 1912ರ ಏಪ್ರಿಲ್‌ನಲ್ಲಿ ಟೈಟಾನಿಕ್ ಮುಳುಗಿದ ಮೇಲೆ 1914ರಲ್ಲಿ ಹಡಗು ಸುರಕ್ಷತೆಗೆ ಮೊದಲ ಅಂತರರಾಷ್ಟ್ರೀಯ ಒಪ್ಪಂದ ಆಯಿತು. ಆದರೂ ಪ್ರಯಾಣಿಕರು ಹತ್ತಿದ 24 ಗಂಟೆಯೊಳಗೆ ಡ್ರಿಲ್ ಮಾಡಿದರೆ ಸಾಕು ಅನ್ನೋ ಸಡಿಲಿಕೆ ಬಹುಕಾಲ ಉಳಿದಿತ್ತು. 2012ರ ಜನವರಿ 13ರ ರಾತ್ರಿ ಇಟಲಿಯ ಜಿಲಿಯೊ ದ್ವೀಪದ ಬಳಿ ‘ಕೋಸ್ಟಾ ಕಾಂಕಾರ್ಡಿಯಾ’ ಬಂಡೆಗೆ ಬಡಿದು ವಾಲಿತು. ಹಡಗಿನಲ್ಲಿ 4,200ಕ್ಕೂ ಹೆಚ್ಚು ಜನ ಇದ್ದರು, 32 ಮಂದಿ ಸತ್ತರು. ಅದೇ ದಿನ ಹತ್ತಿದ್ದ ನೂರಾರು ಜನರಿಗೆ ಡ್ರಿಲ್ಲೇ ಆಗಿರಲಿಲ್ಲ. ಆ ಪಾಠದಿಂದ 2015ರ ಜನವರಿ 1ರಿಂದ ನಿಯಮ ಬದಲಾಯಿತು. ಈಗ ಹಡಗು ಹೊರಡುವ ಮುನ್ನ ಅಥವಾ ಹೊರಟ ಕೂಡಲೇ ಡ್ರಿಲ್ ಆಗಲೇಬೇಕು.

‘ಹೆಂಗಸರು, ಮಕ್ಕಳು ಮೊದಲು’ ಅನ್ನೋ ಮಾತು ಸಿನಿಮಾದಲ್ಲಿ ಕೇಳಿರುತ್ತೀರಿ. 1852ರಲ್ಲಿ ದಕ್ಷಿಣ ಆಫ್ರಿಕಾ ಬಳಿ ಮುಳುಗಿದ ‘ಬರ್ಕನ್‌ಹೆಡ್’ ಹಡಗಿನಲ್ಲಿ ಸೈನಿಕರು ಹೆಂಗಸರು, ಮಕ್ಕಳನ್ನು ಮೊದಲು ದೋಣಿಗೆ ಕಳಿಸಿ ತಾವು ಸಾಲಾಗಿ ನಿಂತರು, ಅಲ್ಲಿಂದ ಅದು ಹೆಸರಾಯಿತು. ಅದು ಸಂಪ್ರದಾಯ, ಅಂತರರಾಷ್ಟ್ರೀಯ ಕಾನೂನಲ್ಲ. ಇವತ್ತಿನ ಪದ್ಧತಿ ಬೇರೆ: ಪ್ರತಿ ಕೋಣೆಗೂ ಒಂದು ಸೇರುವ ಜಾಗ ನಿಗದಿ ಇರುತ್ತದೆ. ಅನೇಕ ಹಡಗುಗಳಲ್ಲಿ ಮಕ್ಕಳ ಕೈಗೆ ಆ ಜಾಗದ ಗುರುತಿರುವ ಪಟ್ಟಿ ಕಟ್ಟುತ್ತಾರೆ. ಚೆಂದ ಕಾಣಲ್ಲ ಅಂತ ಬಿಚ್ಚಿ ಹಾಕಬೇಡಿ. ಗದ್ದಲದಲ್ಲಿ ಮಗುವನ್ನು ಎಲ್ಲಿಗೆ ಕರೆತರಬೇಕು ಅಂತ ಸಿಬ್ಬಂದಿಗೆ ತಿಳಿಯೋದು ಅದರಿಂದಲೇ.

ಯಾರಾದರೂ ನೀರಿಗೆ ಬಿದ್ದದ್ದು ಕಂಡರೆ ನೀವು ಹಾರಬೇಡಿ. ಜೋರಾಗಿ ಕೂಗಿ, ಹತ್ತಿರದ ರಬ್ಬರ್ ಟ್ಯೂಬು ಎಸೆಯಿರಿ, ಬಿದ್ದವರ ಕಡೆಗೆ ಕೈ ತೋರಿಸುತ್ತಲೇ ನಿಲ್ಲಿ. ಅಲೆಯ ನಡುವೆ ಒಂದು ತಲೆ ಕಣ್ಣು ತಪ್ಪಿದರೆ ಮತ್ತೆ ಹುಡುಕೋದು ಬಹಳ ಕಷ್ಟ.

ಟವೆಲ್ ಹಾಕೋ ಬುದ್ಧಿ ಅಲ್ಲಿ ನಡೆಯಲ್ಲ

ಕೊಟ್ಟೂರು ಬಸ್ ಸ್ಟ್ಯಾಂಡಲ್ಲಿ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯೋದು ನಮಗೆ ಹೊಸದಲ್ಲ. ಹಡಗಿನ ಈಜುಕೊಳದ ಪಕ್ಕದ ಒರಗು ಕುರ್ಚಿಗೂ ಜಗತ್ತಿನ ಜನ ಇದನ್ನೇ ಮಾಡುತ್ತಾರೆ. ಬೆಳಿಗ್ಗೆಯೇ ಟವೆಲ್ಲು, ಪುಸ್ತಕ ಇಟ್ಟು ತಿಂಡಿಗೆ ಹೋಗಿಬಿಡುತ್ತಾರೆ. ಹಡಗಿನಲ್ಲಿ ಹೆಚ್ಚು ಜಗಳ ಆಗೋದೂ ಇದಕ್ಕೇ. ಅದಕ್ಕೇ ಅನೇಕ ಹಡಗುಗಳಲ್ಲಿ ಅರ್ಧ-ಮುಕ್ಕಾಲು ಗಂಟೆ ಯಾರೂ ಬರದಿದ್ದರೆ ಸಿಬ್ಬಂದಿಯೇ ಸಾಮಾನು ಎತ್ತಿಡುತ್ತಾರೆ. ಕೂರೋ ಹೊತ್ತಿಗೆ ಹಿಡಿಯಿರಿ, ಎದ್ದಾಗ ಬಿಡಿ.

ಲಿಫ್ಟಿನಲ್ಲಿ ಇಳಿಯೋರಿಗೆ ಮೊದಲು ದಾರಿ. ಕಾಲು ಗಟ್ಟಿ ಇದ್ದವರು ಒಂದೆರಡು ಅಂತಸ್ತಿಗೆ ಮೆಟ್ಟಿಲು ಹತ್ತಿದರೆ ಅಜ್ಜಿ-ತಾತಂದಿರಿಗೆ, ಗಾಲಿಕುರ್ಚಿಯವರಿಗೆ ಲಿಫ್ಟು ಸಿಗುತ್ತದೆ. ಕೋಣೆಗಳ ಸಾಲಲ್ಲಿ ಗಟ್ಟಿ ಮಾತು, ಮಕ್ಕಳ ಓಟ ಬೇಡ. ಗೋಡೆ ತೆಳ್ಳಗಿರುತ್ತೆ, ಹಗಲಲ್ಲೂ ಮಲಗಿದವರು ಇರುತ್ತಾರೆ. ಮೊಬೈಲ್‌ನಲ್ಲಿ ರೀಲ್ಸ್ ಜೋರಾಗಿ ಹಾಕೋದು ಬಸ್ಸಲ್ಲೂ ತಪ್ಪು, ಅಲ್ಲೂ ತಪ್ಪು.

ಬೀಡಿ, ಸಿಗರೇಟು ಗೊತ್ತುಮಾಡಿದ ಜಾಗದಲ್ಲಿ ಮಾತ್ರ. ಮೋಟು ಸಮುದ್ರಕ್ಕೆ ಎಸೆದರೂ ಗಾಳಿಗೆ ತಿರುಗಿ ಕೆಳಗಿನ ಬಾಲ್ಕನಿಗೆ ಬಿದ್ದು ಬೆಂಕಿ ಹತ್ತುವ ಅಪಾಯ ಇದೆ. ಗುಟ್ಕಾ ಉಗುಳುವ ಅಭ್ಯಾಸ ಇದ್ದವರು ಅದನ್ನು ಊರಲ್ಲೇ ಬಿಟ್ಟು ಹೋಗಿ.

ಊಟದ ಮನೆ

ಬಫೆಗೆ ಹೋಗುವ ಮುನ್ನ ಸೋಪು ಹಾಕಿ ಕೈ ತೊಳೆಯಿರಿ. ಬಾಗಿಲಲ್ಲೇ ಸಿಬ್ಬಂದಿ ನಿಂತು ನೆನಪಿಸಿದರೆ ಅವಮಾನ ಅಂದುಕೊಳ್ಳಬೇಡಿ. ವಾಂತಿ-ಭೇದಿ ತರುವ ನೊರೊವೈರಸ್ ಹಡಗಿನಂಥ ಮುಚ್ಚಿದ ಜಾಗದಲ್ಲಿ ಬೇಗ ಹರಡುತ್ತದೆ. ಅದಕ್ಕೆ ಸ್ಯಾನಿಟೈಸರ್‌ಗಿಂತ ಸೋಪು-ನೀರೇ ಮೇಲು. ತಿಂದ ತಟ್ಟೆ ಹಿಡಿದು ಮತ್ತೆ ಸಾಲಿಗೆ ಹೋಗಬೇಡಿ, ಹೊಸ ತಟ್ಟೆ ತಗೊಳ್ಳಿ. ಬಡಿಸಿಕೊಳ್ಳೋ ಸೌಟು ಬಿಟ್ಟು ಕೈ ಹಾಕಬೇಡಿ. ಮತ್ತೆ ಮತ್ತೆ ಹಾಕಿಸಿಕೊಳ್ಳಬಹುದು, ಹಾಗಾಗಿ ಮೊದಲ ಸಲವೇ ಗುಡ್ಡೆ ಹಾಕಿಕೊಂಡು ಬಿಸಾಡೋದು ಬೇಡ.

ಸಸ್ಯಾಹಾರ, ಜೈನ ಆಹಾರ, ಈರುಳ್ಳಿ-ಬೆಳ್ಳುಳ್ಳಿ ಬೇಡ ಅನ್ನೋದು ಇದ್ದರೆ ಬುಕ್ ಮಾಡುವಾಗಲೇ ಬರೆಸಿ. ರೊಟ್ಟಿ, ಶೇಂಗಾ ಚಟ್ನಿ ಗಂಟು ಕಟ್ಟಿಕೊಂಡು ಹೋಗೋದು ನಮ್ಮ ಪದ್ಧತಿ. ಆದರೆ ಮನೆಯಲ್ಲಿ ಮಾಡಿದ ಅಡುಗೆಯನ್ನು ಹಲವು ಹಡಗುಗಳು ಒಳಗೆ ಬಿಡಲ್ಲ, ಮೊದಲೇ ಕೇಳಿ. ಇಸ್ತ್ರಿ ಪೆಟ್ಟಿಗೆ, ನೀರು ಕಾಯಿಸೋ ಕೆಟಲ್ ಬಿಡುವುದೇ ಇಲ್ಲ.

ಪೂಜೆಗೆ ಯಾರದ್ದೂ ಅಡ್ಡಿಯಿಲ್ಲ. ಕೋಣೆಯಲ್ಲಿ ಕೂತು ಲಿಂಗಪೂಜೆ ಮಾಡಿ, ನಮಾಜು ಮಾಡಿ, ವಿಭೂತಿ ಹಚ್ಚಿಕೊಳ್ಳಿ. ಆದರೆ ದೀಪ, ಊದುಬತ್ತಿ, ಕರ್ಪೂರ ಹಚ್ಚಂಗಿಲ್ಲ. ನಡು ಸಮುದ್ರದಲ್ಲಿ ಹಡಗಿಗೆ ನೀರಿಗಿಂತ ಬೆಂಕಿಯ ಭಯ ಹೆಚ್ಚು. ಅಲ್ಲಿಗೆ ಅಗ್ನಿಶಾಮಕ ವಾಹನ ಬರಲ್ಲ.

ಸಂಪ್ರದಾಯಗಳೂ ಇವೆ

ಹೊಸ ಟ್ರ್ಯಾಕ್ಟರ್ ತಂದರೆ ನಾವು ಗಾಲಿ ಕೆಳಗೆ ನಿಂಬೆಹಣ್ಣು ಇಟ್ಟು ಕಾಯಿ ಒಡೆಯುತ್ತೇವೆ. ಹಡಗಿಗೂ ಹಾಗೇ. ಪಶ್ಚಿಮದ ದೇಶಗಳಲ್ಲಿ ಹೊಸ ಹಡಗಿಗೆ ಒಬ್ಬ ‘ಧರ್ಮಮಾತೆ’ಯನ್ನು ಆರಿಸಿ, ಅವರ ಕೈಯಿಂದ ಶಾಂಪೇನ್ ಬಾಟಲಿ ಒಡೆಸಿ ಹೆಸರಿಡುತ್ತಾರೆ. ನಮ್ಮಲ್ಲಿ ತೆಂಗಿನಕಾಯಿ. 2013ರ ಆಗಸ್ಟ್ 12ರಂದು ಕೊಚ್ಚಿಯಲ್ಲಿ ವಿಮಾನವಾಹಕ ಯುದ್ಧನೌಕೆ ವಿಕ್ರಾಂತ್ ನೀರಿಗಿಳಿದಾಗ ಆಗಿನ ರಕ್ಷಣಾ ಸಚಿವ ಎ.ಕೆ. ಆಂಟನಿ ಅವರ ಪತ್ನಿ ಎಲಿಜಬೆತ್ ಅವರು ಕಾಯಿ ಒಡೆದಿದ್ದರು.

ಭೂಮಧ್ಯರೇಖೆ ದಾಟುವ ಹಡಗಿನಲ್ಲಿ ಮೊದಲ ಸಲ ದಾಟುವವರಿಗೆ ನೀರು ಸುರಿದು, ಸಮುದ್ರರಾಜನ ವೇಷದವರು ತಮಾಷೆಯ ‘ದೀಕ್ಷೆ’ ಕೊಡುತ್ತಾರೆ. ಇದು ನಾವಿಕರ ಹಳೇ ಆಟ, ನಮ್ಮ ಓಕುಳಿ ಇದ್ದಂಗೆ. ಕೋಣೆ ಸ್ವಚ್ಛ ಮಾಡೋರು ಟವೆಲ್ ಮಡಚಿ ಆನೆ, ಮಂಗ ಮಾಡಿಟ್ಟು ಹೋಗುತ್ತಾರೆ. ಹುಟ್ಟುಹಬ್ಬ ಇದ್ದರೆ ಕೋಣೆ ಬಾಗಿಲಿಗೆ ಅಲಂಕಾರ ಮಾಡುತ್ತಾರೆ. ಬಾಗಿಲು ಕಬ್ಬಿಣದ್ದಾದ್ದರಿಂದ ಮ್ಯಾಗ್ನೆಟ್ ಬಳಸಬೇಕು, ಟೇಪು ಅಂಟಿಸಂಗಿಲ್ಲ. ಕೆಲವರು ಪುಟ್ಟ ರಬ್ಬರ್ ಬಾತುಕೋಳಿಗಳನ್ನು ಅಲ್ಲಲ್ಲಿ ಬಚ್ಚಿಡುತ್ತಾರೆ. ಸಿಕ್ಕ ಮಕ್ಕಳು ಇಟ್ಟುಕೊಳ್ಳಬಹುದು, ಇಲ್ಲ ಮತ್ತೆ ಬಚ್ಚಿಡಬಹುದು.

ಒಂದು ರಾತ್ರಿ ಕ್ಯಾಪ್ಟನ್ ಜೊತೆ ಭೇಟಿ, ಚೆನ್ನಾಗಿ ಡ್ರೆಸ್ ಮಾಡಿಕೊಂಡು ಊಟ ಇರುತ್ತದೆ. ಅದಕ್ಕೆ ಕೋಟು-ಟೈ ಹೊಲಿಸಬೇಕಿಲ್ಲ. ರೇಷ್ಮೆ ಸೀರೆ, ಜುಬ್ಬಾ ಎಲ್ಲ ಕಡೆಯೂ ಮರ್ಯಾದೆಯ ಉಡುಪೇ. ಬನಿಯನ್ನು, ಒದ್ದೆ ಬಟ್ಟೆಯಲ್ಲಿ ಊಟದ ಹಾಲಿಗೆ ಹೋಗಬಾರದು ಅಷ್ಟೆ. ಈಜುಕೊಳಕ್ಕೆ ಈಜು ಬಟ್ಟೆಯೇ ಬೇಕು, ಸೀರೆ, ಜೀನ್ಸ್ ನಡೆಯಲ್ಲ. ಹಲವು ಹಡಗುಗಳಲ್ಲಿ ಕೊಳದ ಬಳಿ ಕಾವಲಿಗೆ ಯಾರೂ ಇರಲ್ಲ, ಮಕ್ಕಳ ಮೇಲೆ ನಿಮ್ಮ ಕಣ್ಣೇ ಇರಬೇಕು. ಬಾಲ್ಕನಿಯ ಕುರ್ಚಿಯನ್ನು ಕಂಬಿಯ ಹತ್ತಿರ ಬಿಡಬೇಡಿ, ಮಕ್ಕಳು ಹತ್ತಿಬಿಡುತ್ತಾರೆ.

ಹಡಗಿನ ಕಾರ್ಡು ಅಂದ್ರೆ ಉದ್ದರಿ ಖಾತೆ

ಅಂಗಡಿಯವರಿಗೆ ಇದು ಬೇಗ ಅರ್ಥ ಆಗುತ್ತೆ. ಹಡಗಿನಲ್ಲಿ ನೋಟು ನಡೆಯಲ್ಲ. ಕೋಣೆಯ ಬೀಗ ತೆಗೆಯೋ ಕಾರ್ಡೇ ಖರ್ಚಿನ ಕಾರ್ಡು. ಉಜ್ಜಿದ ಪ್ರತಿ ಸಲ ನಿಮ್ಮ ಹೆಸರಿಗೆ ಬರೆದುಕೊಳ್ಳುತ್ತಾರೆ, ಇಳಿಯುವ ಮುನ್ನ ಲೆಕ್ಕ ಚುಕ್ತಾ. ಊಟ ಟಿಕೆಟ್ಟಿನಲ್ಲೇ ಸೇರಿರುತ್ತದೆ. ತಂಪು ಪಾನೀಯ, ಮದ್ಯ, ಫೋಟೊ, ವೈಫೈ, ಮಸಾಜು ಸಾಮಾನ್ಯವಾಗಿ ಬೇರೆ. ಮಕ್ಕಳ ಕೈಗೆ ಕಾರ್ಡು ಕೊಡುವ ಮುನ್ನ ಕೌಂಟರ್‌ನಲ್ಲಿ ಮಿತಿ ಹಾಕಿಸಿ. ಪ್ರತಿ ರಾತ್ರಿ ಲೆಕ್ಕ ನೋಡಿ.

ಅನೇಕ ವಿದೇಶಿ ಹಡಗುಗಳಲ್ಲಿ ಟಿಪ್ಸ್ ಅನ್ನು ತಲೆಗೆ, ದಿನಕ್ಕೆ ಇಷ್ಟು ಅಂತ ಬಿಲ್ಲಿಗೇ ಸೇರಿಸುತ್ತಾರೆ. ಮನೆಮಂದಿ ಐದು ಜನ ಇದ್ದರೆ ಅದೇ ದೊಡ್ಡ ಮೊತ್ತ ಆಗುತ್ತೆ, ಮೊದಲೇ ಕೇಳಿ. ಸಿಬ್ಬಂದಿ ತಿಂಗಳುಗಟ್ಟಲೆ ಮನೆ ಬಿಟ್ಟು ದುಡಿಯೋರು. ಶಿಳ್ಳೆ ಹಾಕಿ, ‘ಏಯ್’ ಅಂತ ಕರೆಯೋದು ಬೇಡ.

ಮೊಬೈಲ್ ಅನ್ನು ಹಡಗು ದಡ ಬಿಟ್ಟ ಕೂಡಲೇ ಏರೋಪ್ಲೇನ್ ಮೋಡ್‌ಗೆ ಹಾಕಿ. ಇಲ್ಲಾಂದ್ರೆ ಅದು ಹಡಗಿನ ಉಪಗ್ರಹ ನೆಟ್‌ವರ್ಕ್ ಹಿಡಿದು ಭಾರೀ ಬಿಲ್ ಬರಬಹುದು.

ಹೊತ್ತು, ಆರೋಗ್ಯ, ಲಕ್ಷದ್ವೀಪ

ಬಂದರಿನಲ್ಲಿ ಇಳಿದು ಊರು ನೋಡಲು ಹೋದರೆ ಹೇಳಿದ ಹೊತ್ತಿಗೆ ಮುಂಚೆಯೇ ವಾಪಸ್ ಇರಬೇಕು. ಕಂಡಕ್ಟರ್ ಒಂದು ಸೀಟಿ ಹೊಡೆದು ನಿಲ್ಲಿಸಿದಂತೆ ಹಡಗು ನಿಲ್ಲಲ್ಲ. ತಪ್ಪಿದರೆ ಮುಂದಿನ ಬಂದರಿಗೆ ನಿಮ್ಮ ಖರ್ಚಿನಲ್ಲೇ ಹೋಗಬೇಕು.

ಬಸ್ಸಲ್ಲಿ ವಾಂತಿ ಆಗೋರು ಹಡಗಿನ ನಡು ಭಾಗದ, ಕೆಳ ಅಂತಸ್ತಿನ ಕೋಣೆ ಕೇಳಿ, ಅಲ್ಲಿ ಓಲಾಟ ಕಡಿಮೆ. ಮಾತ್ರೆ ಬೇಕಾದರೆ ನಿಮ್ಮ ಡಾಕ್ಟರನ್ನು ಕೇಳಿ ಒಯ್ಯಿರಿ. ಆರು ತಿಂಗಳೊಳಗಿನ ಕೂಸನ್ನು, 24 ವಾರ ದಾಟಿದ ಗರ್ಭಿಣಿಯರನ್ನು ಬಹುತೇಕ ಹಡಗುಗಳು ಹತ್ತಿಸಿಕೊಳ್ಳಲ್ಲ.

ಲಕ್ಷದ್ವೀಪಕ್ಕೆ ಹೋಗಲು ಪ್ರವೇಶ ಪರವಾನಗಿ ಬೇಕು. ಅಲ್ಲಿನ ಅಮಿನಿ, ಕಡ್ಮತ್ ಮುಂತಾದ ದ್ವೀಪಗಳು 1956ರವರೆಗೆ ಮಂಗಳೂರಿನ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅಲ್ಲಿನವರು ಬಹುತೇಕ ಮುಸ್ಲಿಮರು, ಊರೊಳಗೆ ಮೈತುಂಬ ಬಟ್ಟೆ ಇರಲಿ. ಹವಳದ ಚೂರು ಆರಿಸಿ ತರೋದು ಅಪರಾಧ.

ನಮ್ಮ ಹೊಳೆಗೂ ಇದೇ ಮಾತು

ದೊಡ್ಡ ಹಡಗಿನಲ್ಲಿ ಹೇಳೋರು, ಕೇಳೋರು ಇರುತ್ತಾರೆ. ಸಣ್ಣ ದೋಣಿಯಲ್ಲಿ ಯಾರೂ ಇರಲ್ಲ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ದ್ವೀಪದ ಜಾತ್ರೆ ಮುಗಿಸಿ ಬರುತ್ತಿದ್ದ ದೋಣಿ ಮಗುಚಿ 16 ಜನ ಸತ್ತರು. ಸತ್ತವರಲ್ಲಿ ನಮ್ಮ ಹೊಳೆಯಾಚೆಯ ಹಾವೇರಿ ಜಿಲ್ಲೆಯ ಒಂದೇ ಕುಟುಂಬದವರೂ ಇದ್ದರು. ದೋಣಿಯಲ್ಲಿ ಹಿಡಿಸೋದಕ್ಕಿಂತ ಹೆಚ್ಚು ಜನ ಇದ್ದರು, ಲೈಫ್ ಜಾಕೆಟ್ ಹಾಕಿದ್ದವರು ಕಡಿಮೆ ಅಂತ ಆಗ ವರದಿಯಾಗಿತ್ತು. ನಮ್ಮಂತೆಯೇ ದೇವರಿಗೆ ಅಂತ ಮನೆಮಂದಿಯೆಲ್ಲ ಹೊರಟವರು ಅವರು.

ಹಾಗಾಗಿ ಕ್ರೂಸ್ ಹತ್ತುವವರಷ್ಟೇ ಅಲ್ಲ, ಹಂಪಿಯಲ್ಲಿ ಹರಿಗೋಲು ಹತ್ತುವವರೂ ಹಿನ್ನೀರಲ್ಲಿ ಬೋಟು ಹತ್ತುವವರೂ ಮೂರು ಪ್ರಶ್ನೆ ಕೇಳಿಯೇ ಕಾಲಿಡಿ: ಎಷ್ಟು ಜನಕ್ಕೆ ಈ ದೋಣಿ? ಈಗ ಎಷ್ಟು ಜನ ಇದ್ದೀವಿ? ಎಲ್ಲರಿಗೂ ಲೈಫ್ ಜಾಕೆಟ್ ಇದೆಯಾ, ಮಕ್ಕಳ ಅಳತೆಯದ್ದು ಇದೆಯಾ? ಒಂದಕ್ಕೆ ಸರಿಯಾದ ಉತ್ತರ ಬರಲಿಲ್ಲ ಅಂದ್ರೂ ದಡದಲ್ಲೇ ಇರಿ. ಮುಂದಿನ ದೋಣಿಗೆ ಹೋದರಾಯಿತು.